ವಿಟ್‌ಬೆಕ್ ಮತ್ತು ಮಗ

'ಹಾಗಾದ್ರೆ ಯಾವ ಮಗ?' ಎನ್ನುತ್ತ ಲ್ಯಾತ್ರಪ್ ಕುರ್ಚಿಯ ಅಂಚಿಗೆ ಜರುಗಿದ.

ಮೇಜಿನ ಮೇಲೆ ಅವನು ತಂದಿದ್ದ ತಾಮ್ರದ ಬಿಲ್ಲೆ. ಒಂದು ಕಡೆ ಕೊಡಲಿ. ಇನ್ನೊಂದು ಕಡೆ 'ವಿಟ್‌ಬೆಕ್ ಮತ್ತು ಮಗ, ಕಬ್ಬಿಣದ ಸಾಮಾನು, ಟ್ರಾಯ್'. ಊರು ಇದೇ, ಇಸವಿ ಮಾತ್ರ ಇಲ್ಲ. ಹಿಂದೆ ಚಿಲ್ಲರೆ ಸಿಗದಾಗ ವ್ಯಾಪಾರಿಗಳು ಇಂಥವನ್ನು ತಾವೇ ಅಚ್ಚು ಹಾಕಿಸುತ್ತಿದ್ದರು. ಮಗ ಯಾವಾಗ ಪಾಲುದಾರನಾದ ಎಂದು ತಿಳಿದರೆ ಬಿಲ್ಲೆಯ ಕಾಲವೂ ತಿಳಿದಂತೆ. ಕಾಲೇಜಿನಲ್ಲಿ ಚರಿತ್ರೆ ಹೇಳುವ ಲ್ಯಾತ್ರಪ್ ಆ ಮಗನ ಬೆನ್ನು ಹತ್ತಿಯೇ ತಲೆ ನರೆಸಿಕೊಂಡಿದ್ದ. ಹೆಂಡತಿ ಬಿಟ್ಟುಹೋದ ವರ್ಷ ಯಾವುದೆಂದರೆ ಅವನು ಯೋಚಿಸಬೇಕಾಗುತ್ತಿತ್ತು.

'ಗ್ಯಾರೆಟ್ ಅಂತ ಎಲ್ಲರೂ ಬರೆದಿದ್ದಾರೆ,' ಎಂದ.

'ಬರೀಲಿ ಬಿಡಿ. ಗ್ಯಾರೆಟ್ ಎರಡನೆಯವನು,' ಎಂದಳು ಡಾರ್ಕಸ್, ವಿಟ್‌ಬೆಕ್ ಮನೆತನದಲ್ಲಿ ಕೊನೆಗೆ ಉಳಿದಿರುವ ಮುದುಕಿ. 'ಅವನಿಗಿಂತ ಮುಂಚೆ ಒಂದು ಹುಟ್ಟಿತ್ತು. ಸೂಲಗಿತ್ತಿ ಗಂಡು ಅಂದದ್ದೇ ತಡ, ಅಂಗಡಿ ಯಜಮಾನ ಮುದುಕಪ್ಪ ಟೋಪೀನೂ ಹಾಕ್ಕೊಳ್ಳದೆ ಈ ಬಿಲ್ಲೆ ಹಾಕ್ಸೋಕೆ ಅಚ್ಚಿನವನ ಹತ್ರ ಓಡಿದನಂತೆ. ಕತ್ತು ನಿಲ್ಲದ ಪಾಲುದಾರ, ಮೇಷ್ಟ್ರೇ.'

ಲ್ಯಾತ್ರಪ್‌ಗೆ ನಗು ಉಕ್ಕಿತು. 'ಅಂಗಡಿಗೆ ಬರ್ತಿದ್ನಾ?'

'ದಿನಾ. ಮೊಳೆ ಪೀಪಾಯಿ ಪಕ್ಕ ತೊಟ್ಟಿಲು. ಗಿರಾಕಿಗಳ ಮೇಲೆ ಉಚ್ಚೆ.'

ಇಬ್ಬರೂ ನಕ್ಕ ನಗುವಿಗೆ ಅವಳು ಕೊಟ್ಟಿದ್ದ ಸೇಬಿನ ರಸ ಮೇಜಿನ ಮೇಲೆ ಚೆಲ್ಲಿತು.

'ಹಿಮ ಬೀಳೋ ಮುಂಚೆ ಹೋಯ್ತು ಕೂಸು,' ಎಂದಳು ಮುದುಕಿ, ಒರೆಸುತ್ತ. 'ಬೋರ್ಡಿನಿಂದ ಮಗನ್ನ ಅಳಿಸಿದ ಮುದುಕಪ್ಪ, ಗ್ಯಾರೆಟ್ ಬೆಳೆದ ಮೇಲೂ ಬರೆಸಲಿಲ್ಲ.'

'ಯಾವ ವರ್ಷ?'

ಅವಳು ಗೋಡೆಯಿಂದ ಸಣ್ಣ ಕನ್ನಡಿಯೊಂದನ್ನು ತೆಗೆದುಕೊಂಡಳು. 'ಕಲ್ಲಿನ ಮೇಲಿದೆ.'

ಸ್ಮಶಾನದ ದಿಬ್ಬವನ್ನು ಅವನು ಹೆಚ್ಚುಕಡಿಮೆ ಓಡುತ್ತಲೇ ಹತ್ತಿದ. ಹಿಂದಿನಿಂದ ಕನ್ನಡಿ ಹಿಡಿದ ಡಾರ್ಕಸ್, 'ಸತ್ತೋರು ಎಲ್ಲಿಗೂ ಹೋಗಲ್ಲ, ನಿಧಾನ,' ಎನ್ನುತ್ತ ಬಂದಳು. ಸವೆದ ಕಲ್ಲಿಗೆ ಕನ್ನಡಿಯಿಂದ ಓರೆಯಾಗಿ ಬಿಸಿಲು ಹಾಯಿಸಿದಳು. ಅಕ್ಷರ ಎದ್ದವು: ಹುಟ್ಟಿದ್ದು ೧೮೩೩ರ ಮೇ, ಸತ್ತದ್ದು ಅದೇ ವರ್ಷದ ಅಕ್ಟೋಬರ್.

ಪಂಡಿತರು ಹೇಳಿದ್ದಕ್ಕಿಂತ ಎಷ್ಟೋ ಹಿಂದೆ. ಬಿಲ್ಲೆ ಅಚ್ಚಾದದ್ದು ಆ ಒಂದೇ ಬೇಸಿಗೆಯಲ್ಲಿ. ಲ್ಯಾತ್ರಪ್‌ನ ಮೈಯೆಲ್ಲ ಹಗುರಾಯಿತು. 'ಸಿಕ್ಕಿದ! ಎಂಥ ಅದೃಷ್ಟ ನೋಡಿ. ಬದುಕಿದ್ದಿದ್ರೆ ಇಷ್ಟು ಕರಾರುವಾಕ್ಕಾಗಿ ಹೇಳೋಕೆ ಆಗ್ತಿರ್ಲಿಲ್ಲ.'

ಮಾತು ಬಾಯಿಂದ ಹೊರಟ ಮೇಲೆ ಅವನ ಕಿವಿಗೆ ಬಿತ್ತು. ಆದರೂ ನಗು ನಿಲ್ಲಲಿಲ್ಲ.

'ಹೆಸರು ಓದಿದ್ರಾ?' ಎಂದಳು ಡಾರ್ಕಸ್.

'ವರ್ಷ ಸಿಕ್ತಲ್ಲ.'

'ನಿಮಗೆ ಮಕ್ಕಳಿದಾರಾ, ಮೇಷ್ಟ್ರೇ?'

'ಗಾಳಿ ಚೆನ್ನಾಗಿದೆ ಇಲ್ಲಿ,' ಎಂದ ಲ್ಯಾತ್ರಪ್.

ಅವಳು ಕನ್ನಡಿಯನ್ನು ಏಪ್ರನ್ನಿಗೆ ಒರೆಸಿಕೊಂಡು, ತಿರುಗಿ ನೋಡದೆ, ಇಳಿದು ಹೋದಳು.

ಯಾರಿಗಾದರೂ ಹೇಳಬೇಕು, ಈಗಲೇ. ಯಾರಿಗೆ ಎಂದು ಹೊಳೆಯುವ ಮೊದಲೇ ಅವನ ಎರಡೂ ಕೈ ಮೇಲೆದ್ದು ಬೀಸತೊಡಗಿದ್ದವು. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದ ಹಳದಿ ಶಾಲಾ ಬಸ್ಸು, ಯಾರೋ ಕರೆಯುತ್ತಿದ್ದಾರೆಂದುಕೊಂಡು ನಿಂತಿತು. ಕೆಂಪು ದೀಪ ಮಿನುಗಿದವು. ಶಾಲಾ ಬಸ್ಸು ಆ ದೀಪ ಹಾಕಿದರೆ ಯಾರೂ ದಾಟುವಂತಿಲ್ಲ; ಹಿಂದಿನ ವಾಹನಗಳೆಲ್ಲ ನಿಂತವು. ಬಾಗಿಲು ತೆರೆಯಿತು.

ಯಾರೂ ಇಳಿಯಲಿಲ್ಲ. ಯಾರೂ ಹತ್ತಲಿಲ್ಲ. ಬಾಗಿಲು ತೆರೆದೇ ಇತ್ತು. ಲ್ಯಾತ್ರಪ್‌ನ ಕೈಗಳು ಮೇಲೆಯೇ ಇದ್ದವು.