ಹಚ್ಚೆ ತೆಗೆದ ಹಣೆ

ಚಕ್ಕಡಿಯ ಗೆಜ್ಜೆ ಇನ್ನೂ ಕೇಳುತ್ತಿದೆ, ಬಬಲೇಶ್ವರದ ಅಗಸಿ ಬಾಗಿಲು ದಾಟಿಲ್ಲ, ಈಗ ಓಡಿದರೂ ಹಿಡಿಯಬಹುದು, ಗೌರಾಬಾಯೇರ ಸ್ವಲ್ಪ ನಿಲ್ರಿ ಎನ್ನಬಹುದು — ಒಲೆಯ ಮುಂದೆ ಕೂತೇ ಇದ್ದೇನೆ, ಉಳಿದ ಬೆಲ್ಲದ ಚಹಾ ಇಂಗುತ್ತಿದೆ, ಯುದ್ಧ ಶುರುವಾದಾಗಿನಿಂದ ಸಕ್ಕರೆ ಸಿಗುವುದಿಲ್ಲ, ಬೀಗರಾಗುವವರ ಮುಂದೆ ಸಕ್ಕರೆ ಇಲ್ಲವೆಂದು ನಾಚಿಕೆಪಟ್ಟೆನಲ್ಲ, ನಾಚಿಕೆಪಡಬೇಕಾದದ್ದು ಬೇರೆಯೇ ಇತ್ತು. ಶಂಕ್ರೆವ್ವ ಹೊರಗೆ ಅವರು ಕೂತಿದ್ದ ಕಂಬಳಿ ಜಾಡಿಸುತ್ತಿದ್ದಾಳೆ, ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದಾಳೆ, ಹೆತ್ತ ಮಗಳು, ಒಂದು ಮಾತು ಬೈಯುವುದಿಲ್ಲ, ಬೈಯೇ ನನ್ನವ್ವ, ಒಮ್ಮೆ ಬಾಯಿ ಬಿಚ್ಚಿ ಬೈದುಬಿಡು. ಮೂರೇ ಹಚ್ಚೆಯ ಚುಕ್ಕೆ ಇದ್ದವು ಅವಳ ಹಣೆಯ ಮೇಲೆ, ಹಸಿರು, ಸಾಸಿವೆಯಷ್ಟು, ಏಳು ವರ್ಷದವಳಿದ್ದಾಗ ನನ್ನ ತವರು ತಿಕೋಟದಲ್ಲಿ ನನ್ನ ಅವ್ವ ಮುಂದೆ ಕೂತು ಹಾಕಿಸಿದ್ದಳು, ಸತ್ತಾಗ ಸಂಗಡ ಬರೋದು ಹಚ್ಚಿ ಒಂದ ನೋಡವಾ, ಬಂಗಾರ ಇಲ್ಲೇ ಉಳೀತೈತಿ ಅಂದಿದ್ದಳು. ಯಾರಿಗೆ ಏನು ಮಾಡಿದ್ದವು ಆ ಚುಕ್ಕೆಗಳು. ಗೌರಾಬಾಯಿ ಬಿಜಾಪುರದಿಂದ ಮೊದಲ ಸಲ ಕನ್ಯೆ ನೋಡಲು ಬಂದಾಗ ಇವಳ ಗದ್ದ ಎತ್ತಿ, ಹಚ್ಚಿ ಹೊಯ್ಸೀರೇನ್ರಿ ಎಂದರು, ಅಷ್ಟೇ, ಬೇಡವೆನ್ನಲಿಲ್ಲ, ಮುಖ ಕಿವುಚಲಿಲ್ಲ, ಮಗ ಶ್ರೀಶೈಲ ಕಚೇರಿಯಲ್ಲಿ ಕಾರಕೂನ, ಪೇಟೆ ಮಂದಿ, ಹಳ್ಳಿಯ ಗುರುತು ಬೇಡವಾಗಿರಬೇಕು ಎಂದು ನಾನೇ ಹೊಸೆದೆ, ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವಳು ನಾನು, ಇಲ್ಲಿ ಎತ್ತು ಈಯಿತೆಂದು ಕೂಡ ಯಾರೂ ಅಂದಿರಲಿಲ್ಲ.

ಸುಣ್ಣದಾಗ ಅರಬಿ ಒಗಿಯೋ ಸೋಡಾ ಕಲಸಿ ಹಚ್ಚವಾ, ಸುಲಕೊಂಡ ಬರತೈತಿ ಎಂದಳು ಹಚ್ಚೆ ಹಾಕುವ ಕಾಳವ್ವ, ಹಾಕುವವಳಿಗೆ ತೆಗೆಯುವುದೂ ಗೊತ್ತಿರುತ್ತದೆ ಎಂದು ನಂಬಿದೆ, ಉರೀತೈತಿ ಬೇ, ಉರೀತೈತಿ ಎಂದಳು ಶಂಕ್ರೆವ್ವ, ತಡಕೋ, ಪ್ಯಾಟಿ ಸೊಸಿ ಆಗಾಕಿ ನೀ ಎಂದೆ, ಒರೆಸಿಕೊಳ್ಳದಂತೆ ಅವಳ ಎರಡೂ ಕೈ ಹಿಡಿದುಕೊಂಡೆ, ಈ ಕೈಗಳಿಂದಲೇ. ಚುಕ್ಕೆ ಹೋದವು, ಗಾಯ ಆರಿತು, ನನಗೋ ಹಿಗ್ಗು, ಆಮೇಲೆ ಆ ಕಲೆ ಏಳತೊಡಗಿತು, ಕೆಂಪಗೆ, ಹುಣಸೆ ಬೀಜದಂತೆ ಗಟ್ಟಿಯಾಗಿ, ಕೂತಲ್ಲಿ ನಿಂತಲ್ಲಿ ತುರಿಕೆ, ತುಪ್ಪ ತಿಕ್ಕಿದೆ, ಉಳ್ಳಾಗಡ್ಡಿ ರಸ ಹಚ್ಚಿದೆ, ಬಿಜಾಪುರದ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, ಇದಕ್ಕ ಕತ್ತರಿ ಮುಟ್ಟಿಸಬ್ಯಾಡ್ರಿ, ಕೊಯ್ದಷ್ಟೂ ಬೆಳೀತೈತಿ, ಸುಮ್ಮನ ಬಿಡ್ರಿ ಎಂದರು, ಸುಮ್ಮನ ಬಿಡ್ರಿ, ಎರಡೇ ಮಾತು, ಬಿಟ್ಟೆನೇ ನಾನು, ಬೇಸಿಗೆಗೆ ಲಗ್ನ ಮಾತಾಗಿದೆಯೆಂದು ಸಂತೆಯ ದಿನ ಹುಣ್ಣು ಕೊಯ್ಯುವ ಪಾಂಡುವಿನ ಮುಂದೆ ಕೂಡಿಸಿದೆ, ಅವನು ನಯವಾಗಿಯೇ ಕೊಯ್ದ, ಮೂರು ತಿಂಗಳಲ್ಲಿ ಅದು ಹುಬ್ಬಿನಿಂದ ಹುಬ್ಬಿಗೆ ಹಬ್ಬಿತು. ಇವತ್ತು ಅದರ ಮೇಲೆ ವಿಭೂತಿ ದಪ್ಪಗೆ ಬಳಿದು ಕೂಡಿಸಿದ್ದೆ, ಒಣಗಿ ಬಿರಿದು ಉದುರಿತು, ಗೌರಾಬಾಯಿ ಸುದ್ದಿ ಕೇಳಿಯೇ ಬಂದಿದ್ದರು, ಯಾರು ಮಾಡಿದ್ರವಾ ಇದನ್ನ ಎಂದು ಕೇಳಿದರು, ಮೆತ್ತಗೇ ಕೇಳಿದರು, ನಾನು ಅಡುಗೆಮನೆಯ ಬಾಗಿಲಲ್ಲಿ, ಮಾತು ಗಂಟಲವರೆಗೆ ಬಂದಿತ್ತು, ದೇವರಾಣೆ ಬಂದಿತ್ತು, ಅಷ್ಟರಲ್ಲಿ ಶಂಕ್ರೆವ್ವ, ಸುಣ್ಣ ನಾನ ಹಚ್ಚಿಕೊಂಡೀನ್ರಿ, ಅವ್ವ ಬ್ಯಾಡ ಅಂದ್ರೂ ಕೇಳಲಿಲ್ಲ ಎಂದುಬಿಟ್ಟಳು. ಗೌರಾಬಾಯಿ ಬಟ್ಟಲು ಕೆಳಗಿಟ್ಟರು, ಹಣಿ ಮ್ಯಾಲಿನ ಗಾಯ ನಡೀತಿತ್ರಿ, ನಮ್ಮ ಹುಡುಗ ಅದಕ್ಕೆಲ್ಲ ಒಲ್ಲೆ ಅನ್ನಾಂವ ಅಲ್ಲ, ಆದ್ರ ಹಡದಾಕಿ ಮಾತು ಮೀರಿದಾಕಿ ಅತ್ತಿ ಮಾತು ಕೇಳತಾಳೇನು ಎಂದರು, ಸೆರಗು ಹೊದ್ದುಕೊಂಡರು. ಅಲ್ಲರಿ, ಹಚ್ಚಿದಾಕಿ ನಾನು — ಇಷ್ಟೇ ಇತ್ತು ಹೇಳುವುದು, ಸಾವಿರ ಸಲ ಬಾಯಿ ಹಾಕಬಾರದ ಕಡೆ ಬಾಯಿ ಹಾಕಿದವಳು ನಾನು, ಓಣಿಗೆಲ್ಲ ಬುದ್ಧಿ ಹೇಳುವವಳು, ಅವರು ಕೆರ ಮೆಟ್ಟುವಾಗ ಶಂಕ್ರೆವ್ವ ಅಡುಗೆಮನೆಯ ಕಡೆ ತಿರುಗಿದಳು, ನನ್ನನ್ನು ನೋಡಿದಳು, ಅವ್ವ ಈಗ ಹೇಳುತ್ತಾಳೆ ಎಂದು ಕಾಯುವವಳ ಹಾಗೆ, ನಾನು ತಲೆ ಬಗ್ಗಿಸಿ ಚಹಾ ಸೋಸಿದೆ, ಯಾರಿಗೆಂದು ಸೋಸಿದೆ — ತಿರುಗಿದಳು, ನನ್ನನ್ನು ನೋಡಿದಳು, ನಾನು ಚಹಾ ಸೋಸಿದೆ — ತಿರುಗಿದಳು, ನೋಡಿದಳು —