ಟೀಚರು ಇಟ್ಟ ಹೆಸರು

ಮುತ್ತುಸೆಲ್ವಿ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತ ಅಕ್ಕ ಕಾರ್ತಿಕಾಳ ಕೈಯಲ್ಲೂ ಒಂದು ಕಡ್ಡಿಯಿತ್ತು, ಎಲೆ ಮಾತ್ರ ಉದುರುತ್ತಿರಲಿಲ್ಲ. ಮೊರದ ಪಕ್ಕ ಬೋರಲು ಹಾಕಿದ್ದ ಫೋನು ಗುಂಯ್ ಎನ್ನುತ್ತಲೇ ಇತ್ತು.

ಕಾರ್ತಿಕಾ ತೇನಿ ಜಿಲ್ಲೆಯ ಗೂಡಲೂರಿನ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ಟೀಚರು. ತನ್ನ ಹೆಸರು ಹೇಳದೆ ತಮಿಳಿನಲ್ಲಿ ಬ್ಲಾಗು ಬರೆಯುತ್ತಿದ್ದಳು. ಅದರಿಂದ ಒಳ್ಳೆಯದೂ ಆಗಿತ್ತು. ಹುಡುಗಿಯರ ಕಕ್ಕಸಿಗೆ ಬಾಗಿಲಿಲ್ಲವೆಂದು ಬರೆದಾಗ ಓದುಗರೊಬ್ಬರು ವಿಳಾಸ ಕೇಳಿ ಬಾಗಿಲು ಮಾಡಿಸಿ ಕಳಿಸಿದ್ದರು. ಎಂಟನೆಯದಕ್ಕೇ ಶಾಲೆ ಬಿಟ್ಟ ಮುತ್ತುಸೆಲ್ವಿ ಅಕ್ಕ ಬರೆದುದನ್ನೆಲ್ಲ ಎರಡೆರಡು ಸಲ ಓದುತ್ತಿದ್ದಳು.

ಮೊನ್ನೆಯ ಬರಹ ಒಬ್ಬ ಹುಡುಗಿಯ ಕುರಿತು. ಹದಿನೈದರವಳಿಗೆ ಸೋದರಮಾವನ ಜೊತೆ ಮದುವೆ ಗೊತ್ತಾಗಿದೆ, ಪರೀಕ್ಷೆ ಬರೆಯಬೇಕೆಂದು ಟೀಚರ ಸೆರಗು ಹಿಡಿದು ಅತ್ತಳು ಎಂದು. ಅವಳು ಯುವಶ್ರೀ, ಹಿಂದಿನ ಬೀದಿಯ ತಂಗರಾಜನ ಮಗಳು. ಕಾರ್ತಿಕಾ ಹೆಸರು ಮರೆಮಾಚಿ ಅವಳನ್ನು ‘ಗುಬ್ಬಿ’ ಎಂದು ಕರೆದಿದ್ದಳು. ಈಗ ಅದು ಊರಿನ ಫೋನುಗಳಲ್ಲೆಲ್ಲ ಹರಿದಾಡುತ್ತಿತ್ತು. ಯುವಶ್ರೀ ಇವತ್ತು ಶಾಲೆಗೆ ಬಂದಿರಲಿಲ್ಲ.

“ಯಾರಿಗೂ ಹೇಳಬೇಡಿ ಅಂದಿತ್ತಲ್ಲಕ್ಕಾ ಆ ಕೂಸು,” ಎಂದಳು ಮುತ್ತುಸೆಲ್ವಿ, ಮೊರದ ಕಡೆ ನೋಡುತ್ತಲೇ.

“ಹೇಳ್ಲಿಲ್ಲ, ಬರೆದೆ. ಹೆಸರೆಲ್ಲಿ ಹಾಕಿದೀನಿ?”

“ಆಪೀಸರ್‌ಗಳಿಗೆ ಫೋನ್ ಮಾಡಬಹುದಿತ್ತು.”

“ಅವರು ಬಂದ್ರೆ ಒಂದು ಮದುವೆ ನಿಲ್ಲುತ್ತೆ. ಓದಿದ್ರೆ ಹತ್ತು ಮನೇಲಿ ಯೋಚನೆ ಮಾಡ್ತಾರೆ ಅಂದ್ಕೊಂಡೆ.”

ಗೇಟು ಕಿರುಗುಟ್ಟಿತು. ತಂಗರಾಜ ಬಂದವನೇ ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತ. ನಗುತ್ತಿದ್ದ.

“ಚೆನ್ನಾಗಿ ಬರೀತೀಯಮ್ಮಾ ಟೀಚರಮ್ಮಾ. ನಾಳೆ ನಮ್ಮನೆ ಕೊಳಂಬಲ್ಲಿ ಉಪ್ಪು ಕಮ್ಮಿ ಅಂತನೂ ಬರೆದ್ಬಿಡು.”

“ಮಾಮಾ, ಅದು ಬೇರೆ ಯಾರೋ...”

“ಯಾರೋನಾ? ಊರೆಲ್ಲಾ ತಮಿಳಲ್ಲಿ ಸಿಟ್ಟುಕುರುವಿ ಅನ್ನುತ್ತೆ. ಗುಬ್ಬಿ ಅನ್ನೋರು ಮನೇಲಿ ಕನ್ನಡ ಆಡೋ ನಾವು ಮಾತ್ರ. ನಿನ್ನ ಕ್ಲಾಸಲ್ಲಿ ನಮ್ಮೋರ ಪೊಣ್ಣು ಎಷ್ಟಿದಾವೆ? ಒಂದು ತಾನೇ?”

ಕಾರ್ತಿಕಾಳ ಮುಖ ಬಿಳಿಚಿತು. ಆ ಹುಡುಗಿಯ ಮೇಲಿನ ಮುದ್ದಿಗೆ ಮನೆಯ ಮಾತು ತಾನಾಗಿ ಬಂದಿತ್ತು. ಅದು ತಮಿಳಲ್ಲ ಎಂಬುದು ಬರೆದವಳಿಗೂ ಹೊಳೆದಿರಲಿಲ್ಲ, ಎರಡು ಸಲ ಓದಿದ ತಂಗಿಗೂ.

“ಪೊಂಗಲ್ ಕಳೆದು ತೈ ತಿಂಗಳಿಗಿತ್ತು ಮದುವೆ. ನಿನ್ನ ದಯದಿಂದ ಬೇಗ ಆಗುತ್ತೆ ಬಿಡು.” ತಂಗರಾಜ ಎದ್ದ.

“ಯುವಶ್ರೀ ಎಲ್ಲಿ ಮಾಮಾ?”

“ಬರೆಯೋಳು ನೀನು. ನೀನೇ ಬರಿ, ಎಲ್ಲಿದಾಳೆ ಅಂತ.”

ಅವನು ಹೋದ ಮೇಲೆ ಕಾರ್ತಿಕಾ ಬರಹವನ್ನು ಅಳಿಸಿದಳು. ಫೋನಿನ ಸದ್ದು ನಿಲ್ಲಲಿಲ್ಲ. ಅವಳು ಅಳಿಸಿದ್ದನ್ನು ಬೇರೆಯವರು ಆಗಲೇ ಇಟ್ಟುಕೊಂಡಿದ್ದರು. ಮಕ್ಕಳ ಸಹಾಯವಾಣಿಗೆ ಕರೆ ಮಾಡಿದಳು. ವಿಳಾಸ ಬರೆದುಕೊಂಡ ದನಿ, ಬೆಳಿಗ್ಗೆ ತೇನಿಯಿಂದ ಹೊರಡುತ್ತೇವೆ ಎಂದಿತು.

“ಬೆಳಿಗ್ಗೇನಾ?” ಎಂದಳು ಮುತ್ತುಸೆಲ್ವಿ. ಮೊರ ಬಿಟ್ಟು ಎದ್ದಳು.

ಹಿಂದಿನ ಬೀದಿಯಲ್ಲಿ ಇನ್ನೂ ಬಿಸಿಲಿತ್ತು, ಆದರೂ ತಂಗರಾಜನ ಮನೆಯ ಬಾಗಿಲು ಮುಚ್ಚಿತ್ತು. ಮುಂದೆ ಒಂದು ಜೀಪು ಕೇರಳಕ್ಕೆ ಹತ್ತುವ ಕುಮಳಿ ಘಾಟಿಯ ಕಡೆಗೆ ಮೂತಿ ಮಾಡಿ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಹೊಸ ಸೂಟ್‌ಕೇಸು. ಕಾರ್ತಿಕಾ ಬಾಗಿಲು ತಟ್ಟಿದೊಡನೆ ಒಳಗಿನ ಟಿ.ವಿ. ಸದ್ದು ನಿಂತಿತು. ಕಿಟಕಿಯಾಚೆ ಯುವಶ್ರೀಯ ತಾಯಿ ಚೆಲ್ಲಮ್ಮಾಳ್ ನಿಂತಿದ್ದಳು. ಇವರನ್ನು ಕಂಡು ಮುಖ ತಿರುಗಿಸಿದಳು.

ಬಸ್ಸಿನಲ್ಲಿ ಟಿಕೇಟನ್ನೂ ಪಿಸುಮಾತಿನಲ್ಲಿ ಕೇಳುವ ಮುತ್ತುಸೆಲ್ವಿ ಕಿಟಕಿಯ ಸರಳು ಹಿಡಿದು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

“ಅತ್ತೇ, ಯುವಶ್ರೀನ ಒಂದ್ ತಡವೆ ಬಾಗಿಲಿಗೆ ಕರೀರಿ. ಮುಖ ನೋಡ್ಕೊಂಡು ಹೋಗ್ತೀವಿ.”

ಬಾಗಿಲು ತೆರೆಯಲಿಲ್ಲ, ಮುತ್ತುಸೆಲ್ವಿ ಸರಳನ್ನೂ ಬಿಡಲಿಲ್ಲ.