ಉಮ್ಮನ ಟಿವಿಗೆ ಬಂದ ಫೋಟೋ

ಐವತ್ತರ ಹೊಸ್ತಿಲಲ್ಲಿ ಖೈರುನ್ನಿಸಾಳಿಗೆ ಫೋಟೋದ ಹುಚ್ಚು ಹಿಡಿಯಿತು. ಹಿಡಿಸಿದವಳು ಮೇಲಿನ ಮನೆಯ ಮುಫೀದಾ. ಖೈರುನ್ನಿಸಾಳ ಮಗಳು ನಜ್ಲಾಳಿಗೆ ಮದುವೆ ಗೊತ್ತಾಗಿತ್ತು. ಮದುವೆಯಾಗಿ ದೂರದ ದಮ್ಮಾಮಿಗೆ ಹೋಗುವ ಹುಡುಗಿಗೆ ತವರಿನ ನೆನಪಿಗೆಂದು ಒಂದು ಸ್ಕ್ರ್ಯಾಪ್‌ಬುಕ್ ಮಾಡಿಕೊಡಿ ಎಂದು ಮುಫೀದಾ ತಲೆಯಲ್ಲಿ ಹುಳ ಬಿಟ್ಟಳು. ದಪ್ಪ ಹಾಳೆಯ ಪುಸ್ತಕ, ಪುಟಕ್ಕೊಂದು ಫೋಟೋ, ಅದರ ಸುತ್ತ ಲೇಸು, ಹಳೇ ಬಟ್ಟೆಯ ತುಂಡು. ಅಷ್ಟೇ, ಆದರೆ ಹಿಡಿದವರು ಬಿಡುವುದಿಲ್ಲ.

ಪಾಠವೂ ಅವಳದ್ದೇ. "ಸಾಲಾಗಿ ನಿಲ್ಲಿಸಿ ತೆಗೀಬೇಡಿ ಆಂಟಿ. ಹತ್ತಿರ ಹೋಗಿ. ಫ್ಲಾಶ್ ಬೇಡ, ಕಿಟಕಿಯ ಬೆಳಕು ಸಾಕು. ಒಂದು ಬೇಕಾದ್ರೆ ಹತ್ತು ತೆಗೀರಿ, ಮೊಬೈಲಲ್ಲಿ ರೀಲು ಮುಗಿಯುವ ಚಿಂತೆ ಎಂತ ಇಲ್ಲ."

ಮೊಬೈಲ್ ಹೊಸದು, ದುಬೈಯಲ್ಲಿರುವ ಮಗ ಸುಹೈಬ್ ರಜೆಗೆ ಬಂದಾಗ ತಂದುಕೊಟ್ಟದ್ದು. ಅಜ್ಜಿಗೆ ಮರಿಮಕ್ಕಳು ಕಾಣಲಿ ಎಂದು ಅವನು ಟಿವಿಗೂ ಏನೋ ಕಿತಾಪತಿ ಮಾಡಿ ಹೋಗಿದ್ದ. ಚಾನೆಲ್ ನೋಡದೆ ಸುಮ್ಮನೆ ಬಿಟ್ಟರೆ ಪರದೆಯ ಮೇಲೆ ಫೋಟೋಗಳು ಒಂದರ ಹಿಂದೊಂದು ತಾವಾಗಿಯೇ ಬರುತ್ತಿದ್ದವು. ಖೈರುನ್ನಿಸಾಳ ಅತ್ತೆ, ಮನೆಯವರೆಲ್ಲರ ಬಾಯಲ್ಲೂ ಉಮ್ಮ, ಬಂದರಿನ ಬಳಿಯ ಅವರ ಮನೆಯ ಹಾಲ್‌ನಲ್ಲಿ ಇಡೀ ದಿನ ಅದನ್ನೇ ನೋಡುತ್ತ ಕೂರುತ್ತಿದ್ದರು.

ಖೈರುನ್ನಿಸಾ ಮೊದಲು ಮನೆಯ ಬೆಕ್ಕಿನ ಫೋಟೋ ತೆಗೆದು ಕೈ ಪಳಗಿಸಿಕೊಂಡಳು. ಮಾರನೆಯ ದಿನ ಉಮ್ಮ, "ಖೈರೂ, ನಮ್ಮ ಬೆಕ್ಕು ಟಿವಿಯಲ್ಲಿ ಬಂತು" ಎಂದರು.

"ಬರ್ತದೆ ಉಮ್ಮ, ನಾಳೆ ಬಂಗುಡೆ ಮೀನೂ ಬರ್ತದೆ" ಎಂದು ಇವಳು ನಕ್ಕಳು. ಪಾಪ, ವಯಸ್ಸಾಯಿತು ಎಂದುಕೊಂಡಳು. ಆ ಮಾತಿಗೆ ಸ್ವಲ್ಪ ಕಿವಿ ಕೊಟ್ಟಿದ್ದರೆ ಮುಂದಿನ ರಾದ್ಧಾಂತವೇ ಇರುತ್ತಿರಲಿಲ್ಲ.

ಪುಸ್ತಕದಲ್ಲಿ ಒಂದು ಪುಟ ನಾದಿನಿ ರೈಹಾನಾಳದ್ದು ಎಂದು ಮೊದಲೇ ನಿಶ್ಚಯವಾಗಿತ್ತು. ನಜ್ಲಾ ಶಾಲೆಗೆ ಹೋಗುವಾಗ ಎರಡು ಜಡೆ ಹಾಕಿ ಕೆಂಪು ರಿಬ್ಬನ್ ಕಟ್ಟುತ್ತಿದ್ದವಳು ಅವಳೇ. ಈಗ ರೈಹಾನಾಳ ತಲೆಯಲ್ಲೇ ಒಂದು ಕೂದಲಿಲ್ಲ. ಕ್ಯಾನ್ಸರ್. ಕೀಮೋ ನಡೆಯುತ್ತಿತ್ತು. ಉಮ್ಮ ಒಬ್ಬರನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು. ಉಮ್ಮನ ಹೃದಯ ಮೊದಲೇ ಬಲಹೀನ. ಖೈರುನ್ನಿಸಾಳ ಗಂಡ ಅಬೂಬಕ್ಕರ್ ಎಲ್ಲರನ್ನೂ ಕೂರಿಸಿ, "ಉಮ್ಮನಿಗೆ ಗೊತ್ತಾದ್ರೆ ಉಮ್ಮ ನಮಗೆ ಉಳಿಯುವುದಿಲ್ಲ. ಯಾರೂ ಬಾಯಿ ಬಿಡಬಾರದು" ಎಂದು ಕಟ್ಟಪ್ಪಣೆ ಮಾಡಿದ್ದ.

ಕಷ್ಟವಾದದ್ದು ಶುಕ್ರವಾರಗಳಲ್ಲಿ. ರೈಹಾನಾ ಶಕ್ತಿನಗರದಿಂದ ತವರಿಗೆ ಬರುವ ದಿನ ಅದು. ಮಗಳನ್ನು ಕಾಲ ಬುಡದಲ್ಲಿ ಕೂರಿಸಿಕೊಂಡು ತಲೆಗೆ ಎಣ್ಣೆ ಹಾಕುವುದು ಉಮ್ಮನಿಗೆ ಮೊದಲಿನಿಂದ ರೂಢಿ. ಈಗ ರೈಹಾನಾ ಸ್ಕಾರ್ಫ್ ಬಿಗಿದುಕೊಂಡೇ ಬರುತ್ತಿದ್ದಳು. ಇವತ್ತು ಶೀತ, ಇವತ್ತು ತಲೆನೋವು ಎಂದು ಹೇಳಿ ದೂರದ ಕುರ್ಚಿಯಲ್ಲಿ ಕೂರುತ್ತಿದ್ದಳು. ಉಮ್ಮ ಎಣ್ಣೆಯ ಬಟ್ಟಲನ್ನು ಹಾಗೇ ಒಳಗಿಡುತ್ತಿದ್ದರು.

ಆ ಶುಕ್ರವಾರ ಬೆಳಿಗ್ಗೆ ಖೈರುನ್ನಿಸಾ ಶಕ್ತಿನಗರಕ್ಕೆ ಹೋದಳು. ರೈಹಾನಾ ಹಳೆಯ ಕೆಂಪು ರಿಬ್ಬನ್ ಹಿಡಿದು ಕಿಟಕಿಯ ಬಳಿ ಕುಳಿತಳು. ಎರಡು ಮೂರು ತೆಗೆದಾದ ಮೇಲೆ ತಾನೇ ನೀಲಿ ಸ್ಕಾರ್ಫಿನ ಗಂಟಿಗೆ ಕೈ ಹಾಕಿದಳು.

"ಹೀಗೇ ತೆಗಿ ಖೈರೂ. ಕೂದಲಿಲ್ಲದಿದ್ರೂ ನಾನು ನಗ್ತಾ ಇದ್ದೆ ಅಂತ ನಜ್ಲಾಳಿಗೆ ಗೊತ್ತಿರ್ಲಿ. ಆದ್ರೆ ಒಂದೇ ಪ್ರಿಂಟ್ ಆಯ್ತಾ? ಬೇರೆ ಯಾರ ಕಣ್ಣಿಗೂ ಬೀಳಬಾರದು."

"ನನ್ನ ಮೇಲೆ ಬಿಡು ಮಾರಾಯ್ತಿ" ಎಂದಳು ಖೈರುನ್ನಿಸಾ. ಗಂಟು ಬಿಚ್ಚುವುದು, ಬಟ್ಟೆ ಹೆಗಲಿಗೆ ಜಾರುವುದು, ಬೋಳು ತಲೆ, ನಗು, ಎಲ್ಲವನ್ನೂ ಮುಫೀದಾಳ ಪಾಠದಂತೆ ಒಂದಾದ ಮೇಲೊಂದು ತೆಗೆದಳು.

ಅವಳ ಲೆಕ್ಕದಲ್ಲಿ ಕಾಗದಕ್ಕೆ ಬರುವವರೆಗೆ ಫೋಟೋ ಫೋಟೋವೇ ಅಲ್ಲ. ಹಾಗಾಗಿ ಕಾವಲೆಲ್ಲ ಸ್ಟುಡಿಯೋದಲ್ಲಿ. ಇಬ್ಬರೂ ಅಲ್ಲಿಗೇ ಹೋದರು. ಸ್ಟುಡಿಯೋದ ಬಾಸಿಲ್ ಪ್ರಿಂಟ್ ತೆಗೆಯುವಾಗ ಖೈರುನ್ನಿಸಾ ಅವನ ಬೆನ್ನ ಹಿಂದೆಯೇ ನಿಂತು, "ಕಂಪ್ಯೂಟರಿನಿಂದ ಅಳಿಸು. ಅಳಿಸಿದ್ದನ್ನು ತೋರಿಸು" ಎಂದು ಅವನ ಜೀವ ತಿಂದಳು. ಪ್ರಿಂಟನ್ನು ಬ್ಯಾಗಿನ ತಳಕ್ಕೆ ಸೇರಿಸಿದ ಮೇಲೆಯೇ ಅವಳಿಗೆ ಸಮಾಧಾನ. ಇತ್ತ ಆ ಫೋಟೋಗಳು ಅವಳಿಗಿಂತ ಮೊದಲೇ ಮನೆ ಸೇರಿದ್ದವು.

ಬಂದರಿನ ಮನೆಯ ಬಾಗಿಲು ತೆರೆದೇ ಇತ್ತು. ಖೈರುನ್ನಿಸಾ ಒಳಗೆ ಕಾಲಿಟ್ಟವಳು ಅಲ್ಲೇ ಕಲ್ಲಾದಳು. ಗೋಡೆಯಗಲದ ಟಿವಿಯ ತುಂಬ ರೈಹಾನಾಳ ಬೋಳು ತಲೆ! ತಲೆ ಬಗ್ಗಿಸಿ ರಿಬ್ಬನ್ ನೋಡುತ್ತಿದ್ದ ಫೋಟೋ. ಎದುರಿಗೆ ಉಮ್ಮ.

ಯಾ ಅಲ್ಲಾಹ್! ಬೆಕ್ಕು! ಉಮ್ಮ ಹೇಳಿದ ಬೆಕ್ಕು! ಹಾಗಾದರೆ ಮೊಬೈಲಿನಲ್ಲಿ ತೆಗೆದದ್ದೆಲ್ಲ ಇಲ್ಲಿಗೇ ಬರುತ್ತದೆ. ಹಿಂದಿನಿಂದ ರೈಹಾನಾ ಅವಳ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು.

"ಖೈರೂ, ಇದು ಯಾರು?" ಉಮ್ಮ ಕಣ್ಣು ಕಿರಿದು ಮಾಡಿದರು. "ನಿನ್ನ ಮಾವನ ಹಾಗೆ ಉಂಟು. ಹಜ್ಜಿಗೆ ಹೋಗಿ ತಲೆ ಬೋಳಿಸಿ ಬಂದಾಗ ಹೀಗೇ ಇದ್ರು."

ಬದುಕಿದೆ ಎಂದುಕೊಂಡಳು ಖೈರುನ್ನಿಸಾ. "ಹೌದುಮ್ಮ, ಮಾವನದ್ದೇ. ಹಳೇ ಫೋಟೋ" ಎನ್ನುತ್ತ ರಿಮೋಟಿಗಾಗಿ ದಿವಾನಿನ ದಿಂಬುಗಳನ್ನೆಲ್ಲ ಕೆದರಿದಳು. ರಿಮೋಟ್ ಎಲ್ಲಿ? ಹಾಳಾದ್ದು, ಬೇಕಾದಾಗ ಸಿಗುವ ವಸ್ತುವೇ ಅದು?

ಟಿವಿ ಕಾಯಲಿಲ್ಲ. ಮುಂದಿನದು ಬಂತು: ಮುಖವೆತ್ತಿ ನಗು. ಆಮೇಲೆ ಹೆಗಲ ಮೇಲೆ ಜಾರಿದ ಸ್ಕಾರ್ಫ್. ಆಮೇಲೆ ಗಂಟಿನ ಮೇಲೆ ಬೆರಳು. ಕೊನೆಗೆ ತಲೆತುಂಬ ಅದೇ ನೀಲಿ ಸ್ಕಾರ್ಫ್ ಬಿಗಿದ ರೈಹಾನಾ. ಒಂದು ಬೇಕಾದರೆ ಹತ್ತು ತೆಗೆದದ್ದರ ಫಲ, ಹಿಂದುಮುಂದಾಗಿ ಇಡೀ ಕಥೆಯೇ ಬಿಚ್ಚಿಕೊಂಡಿತು.

"ನಿನ್ನ ಮಾವ ಸ್ಕಾರ್ಫ್ ಕಟ್ಟಿದ್ದು ಯಾವಾಗ?" ಎಂದರು ಉಮ್ಮ.

ಉಮ್ಮನ ಕೈ ಎದೆಯ ಮೇಲೆ ಹೋಯಿತು. ಕೊಂದೆ, ನಾನೇ ಕೊಂದೆ, ಒಂದು ಪುಸ್ತಕದ ಚಂದಕ್ಕೆ ಕೊಂದುಬಿಟ್ಟೆ. ಮಾತ್ರೆ ತರಲೆಂದು ಖೈರುನ್ನಿಸಾ ಓಡಿದಳು.

"ನಿಲ್ಲು! ನಾನು ಸತ್ತಿಲ್ಲ." ಉಮ್ಮನ ದನಿ ಗಡಸಾಗಿತ್ತು. "ರೈಹಾನಾ, ಇಲ್ಲಿ ಬಾ. ತೆಗಿ ಅದನ್ನು."

ರೈಹಾನಾ ಬಂದು ಕಾಲ ಬುಡದಲ್ಲಿ ಕುಸಿದು ಸ್ಕಾರ್ಫ್ ಬಿಚ್ಚಿದಳು. ಉಮ್ಮ ಬಹಳ ಹೊತ್ತು ಆ ತಲೆಯನ್ನೇ ನೋಡಿದರು.

"ಎಂತ ಕಾಯಿಲೆ?"

"ಕ್ಯಾನ್ಸರ್, ಉಮ್ಮ. ಗುಣ ಆಗ್ತಾ ಉಂಟು."

"ನನ್ನ ಕೈ ನಡುಗ್ತದೆ, ಮೈ ವಾಸನೆ ಬರ್ತದೆ, ಅದಕ್ಕೆ ಮಗಳಿಗೆ ಹೇಸಿಗೆ ಅಂತ ತಿಳ್ಕೊಂಡಿದ್ದೆ ನಾನು." ಉಮ್ಮನ ಕಣ್ಣಿನಿಂದ ನೀರು ಇಳಿಯಿತು. "ಶುಕ್ರವಾರ ಬರುವುದೇ ಬೇಡ ಅನಿಸ್ತಿತ್ತು. ನೀವೆಲ್ಲ ಸೇರಿ ನನ್ನನ್ನು ಬದುಕಿರುವಾಗಲೇ ಕಬರಿಗೆ ಹಾಕಿದ್ರಲ್ಲ!"

ಇದು ಮಾತ್ರ ಖೈರುನ್ನಿಸಾಳಿಗೆ ಹೊಳೆದೇ ಇರಲಿಲ್ಲ. ಉಮ್ಮನ ಹೃದಯ ಕಾಪಾಡುತ್ತೇವೆಂದು ಹೊರಟವರೆಲ್ಲ ವಾರವಾರವೂ ಅದಕ್ಕೇ ಚುಚ್ಚುತ್ತಿದ್ದರು.

"ನಿಂತು ನೋಡ್ತೀಯಾ? ಎಣ್ಣೆ ತಾ" ಎಂದು ಗದರಿದರು ಉಮ್ಮ.

ಅವಳು ಬಟ್ಟಲು ತಂದಳು. ಉಮ್ಮ ನಡುಗುವ ಬೆರಳನ್ನು ಎಣ್ಣೆಗೆ ಅದ್ದಿ ಬರಿಯ ನೆತ್ತಿಗೆ ಸವರಿದರು. ರೈಹಾನಾ ಮಗುವಿನಂತೆ ಜೋರಾಗಿ ಅತ್ತಳು, ಉಮ್ಮ ಅಳಬೇಡ ಎನ್ನಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಉಮ್ಮ ಕೇಳಿ ಪ್ರಿಂಟನ್ನು ತರಿಸಿಕೊಂಡರು. ಎಣ್ಣೆಗೈ ತಾಗದಂತೆ ಅಂಗೈಯ ಅಂಚಿನಲ್ಲಿ ಹಿಡಿದು ನೋಡಿದರು.

"ಪುಟದ ಮಧ್ಯದಲ್ಲಿ ಅಂಟಿಸಬೇಡ" ಎಂದರು. "ಎಡಗಡೆಗೆ ಅಂಟಿಸು. ಇವಳಿಗೆ ಕೂದಲು ಬಂದ ಮೇಲೆ ನಾನು ಜಡೆ ಹಾಕ್ತೇನೆ, ನೀನು ಅದನ್ನೂ ತೆಗಿ. ಬಲಗಡೆ ಅದಕ್ಕೆ ಜಾಗ ಬಿಡು."

ನಜ್ಲಾ ದಮ್ಮಾಮಿಗೆ ಹೊರಟ ದಿನ ಪುಸ್ತಕ ಅವಳ ಜೊತೆಗೆ ಹೋಯಿತು. ಆ ಪುಟದ ಬಲಗಡೆ ಅಂಟಿಸಿದ್ದ ಕೆಂಪು ರಿಬ್ಬನ್ನಿನ ಚೌಕದೊಳಗೆ ಇನ್ನೂ ಬಿಳಿ ಹಾಳೆಯೇ ಇತ್ತು. ಉಮ್ಮ ಮಾತ್ರ ಶುಕ್ರವಾರ ಶುಕ್ರವಾರ ಎಣ್ಣೆ ಹಚ್ಚುವಾಗ ಮಗಳ ನೆತ್ತಿಯನ್ನು ಬೆರಳಿನಿಂದ ತಡವಿ, "ಚುಚ್ಚುತ್ತಾ ಉಂಟು, ಬರ್ತಾ ಉಂಟು" ಎನ್ನುತ್ತಿದ್ದರು.